ಹೆಸರಲ್ಲಿ ಹಸಿರಿದ್ದರೆ ಸಾಕಾ? ಹೂಡಿಕೆ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾಫಿಗೆ ಒಳ್ಳೆ ದರ ಸಿಕ್ಕ ಮೇಲೆ ನಮ್ಮ ಜಿಲ್ಲೆಯಲ್ಲಿ ‘ಹಸಿರು ಹೂಡಿಕೆ’, ‘ಜವಾಬ್ದಾರಿಯುತ ಹೂಡಿಕೆ’ ಅನ್ನುವ ಮಾತು ಜಾಸ್ತಿಯಾಗಿದೆ. ಗೋಣಿಕೊಪ್ಪದಿಂದ ಶನಿವಾರಸಂತೆವರೆಗೆ ಎಲ್ಲಿ ಹೋದರೂ ಅವೇ ನಾಲ್ಕು ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಮ್ಯೂಚುವಲ್ ಫಂಡ್ ಅಂದರೇನು, ಕೆವೈಸಿ ಹೇಗೆ ಅಂತ ಕೇಳಿದವರು ಹಳೆಯ ಅಂಕಣ ನೋಡಿ.

ಅಗರ್‌ವುಡ್ ಗಿಡಕ್ಕೆ ಹಣ ಕೊಟ್ಟರೆ ಅವರೇ ಬೆಳೆಸಿ, 12 ವರ್ಷಕ್ಕೆ ಹತ್ತು ಪಟ್ಟು ವಾಪಸ್ ಕೊಡ್ತಾರಂತೆ. ಪರಿಸರಕ್ಕೂ ಒಳ್ಳೇದಲ್ವಾ? (ಸುಂಟಿಕೊಪ್ಪ)

ಕೊಡಬೇಡಿ. 1990ರ ದಶಕದಲ್ಲಿ ತೇಗದ ಮರದ ಹೆಸರಲ್ಲಿ ಚೆನ್ನೈನ ಅನುಭವ್ ಪ್ಲಾಂಟೇಶನ್ಸ್ ಹೀಗೇ ಹಣ ಎತ್ತಿ ಮುಳುಗಿತು, ಇಂಥ ಯೋಜನೆಗಳು ನೋಂದಣಿ ಮಾಡಿಸಬೇಕು ಅಂತ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 1999ರಲ್ಲೇ ನಿಯಮ ಮಾಡಿದೆ, ನಿಮ್ಮ ಹತ್ತಿರ ಬಂದವರಿಗೆ ಆ ನೋಂದಣಿ ಇದೆಯಾ ಅಂತ ಕೇಳಿ ನೋಡಿ.

ಕಾಫಿ ಮಾರಿದ ಹಣ ಸ್ವಲ್ಪ ಉಳಿದಿದೆ. ಬೆಂಗಳೂರಿನಲ್ಲಿರುವ ಮಗ ಇಎಸ್‌ಜಿ ಫಂಡಿಗೆ ಹಾಕಿ ಅನ್ನುತ್ತಾನೆ. ಪರಿಸರ, ಸಮಾಜ, ಆಡಳಿತ ಮೂರನ್ನೂ ನೋಡಿ ಕಂಪನಿ ಆರಿಸುತ್ತಾರಂತೆ. ನಾನು ಪಟ್ಟಿ ತೆಗೆದು ನೋಡಿದರೆ ಬರೀ ಬ್ಯಾಂಕು, ಐಟಿ ಕಂಪನಿಗಳೇ ಇವೆ. 2018ರ ಮಳೆಗೆ ನಮ್ಮ ತೋಟದ ಒಂದು ಭಾಗ ಗುಡ್ಡದ ಜೊತೆ ಹೋಯಿತು. ಕಾಡು, ಬೆಟ್ಟ ಹಾಳು ಮಾಡುವವರಿಗೆ ನನ್ನ ಹಣ ಹೋಗಬಾರದು. ಇದನ್ನು ನಂಬಬಹುದಾ? (ಮಡಿಕೇರಿ ತಾಲ್ಲೂಕಿನ ಬೆಳೆಗಾರರು)

ಪಟ್ಟಿ ತೆಗೆದು ನೋಡಿದಿರಲ್ಲ, ಅದೇ ದೊಡ್ಡ ಕೆಲಸ. ನನ್ನ ಹತ್ತಿರ ಬರುವ ಹೆಚ್ಚಿನವರು ಅದನ್ನೂ ಮಾಡುವುದಿಲ್ಲ. ನಿಮ್ಮ ಅನುಮಾನ ಸರಿಯಾಗಿದೆ. ಆದರೆ ಅದರಿಂದ ‘ಎಲ್ಲಾ ಮೋಸ’ ಅನ್ನುವ ತೀರ್ಮಾನಕ್ಕೆ ಹೋಗಬೇಡಿ.

ಮೊದಲು ಬ್ಯಾಂಕು, ಐಟಿ ಯಾಕೆ ಅಂತ ಹೇಳುತ್ತೇನೆ. ಫಂಡಿನವರು ಕಂಪನಿ ಆರಿಸುವಾಗ ರೇಟಿಂಗ್ ಸಂಸ್ಥೆಗಳು ಕೊಟ್ಟ ಇಎಸ್‌ಜಿ ಅಂಕ ನೋಡುತ್ತಾರೆ. ಆ ಅಂಕಗಳಲ್ಲಿ ಬಹಳಷ್ಟು ಅಳೆಯುವುದು ಕಂಪನಿಯಿಂದ ಪರಿಸರಕ್ಕೆ ಎಷ್ಟು ಹಾನಿ ಅಂತಲ್ಲ. ಪರಿಸರ, ಕಾರ್ಮಿಕರು, ಆಡಳಿತ ಇವುಗಳ ಕಾರಣಕ್ಕೆ ಕಂಪನಿಯ ಲಾಭಕ್ಕೆ ಎಷ್ಟು ಅಪಾಯ ಅಂತ. ಬ್ಯಾಂಕಿಗೆ ಹೊಗೆ ಕೊಳವೆ ಇಲ್ಲ. ಐಟಿ ಕಂಪನಿ ನದಿಗೆ ಕೊಳಕು ನೀರು ಬಿಡುವುದಿಲ್ಲ. ಹಾಗಾಗಿ ಇವುಗಳಿಗೆ ಅಂಕ ಸುಲಭವಾಗಿ ಬರುತ್ತದೆ. ಅದೇ ಬ್ಯಾಂಕು ಕಲ್ಲಿದ್ದಲು ಗಣಿಗೆ ಸಾಲ ಕೊಟ್ಟಿದ್ದರೂ ಅಂಕ ಅಷ್ಟಾಗಿ ಇಳಿಯದೇ ಇರಬಹುದು. ನೀವು ಕೇಳುತ್ತಿರುವುದು ಹಾನಿಯ ಬಗ್ಗೆ. ಫಂಡಿನವರು ಉತ್ತರ ಕೊಡುತ್ತಿರುವುದು ಅಪಾಯದ ಬಗ್ಗೆ. ಇದನ್ನು ಮಾರಾಟ ಮಾಡುವವರು ಬಿಡಿಸಿ ಹೇಳುವುದೇ ಇಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ.

ಅಂಕ ಕೊಡುವವರೂ ಒಬ್ಬರಿಗೊಬ್ಬರು ಹೊಂದುವುದಿಲ್ಲ. ಅಮೆರಿಕದ ಎಂಐಟಿಯವರು ಸೇರಿ ಮಾಡಿದ ಒಂದು ಅಧ್ಯಯನದಲ್ಲಿ ಆರು ರೇಟಿಂಗ್ ಸಂಸ್ಥೆಗಳ ಅಂಕಗಳನ್ನು ಹೋಲಿಸಿದರು. ಎಲ್ಲರೂ ಒಂದೇ ಥರ ಹೇಳಿದ್ದರೆ ಹೊಂದಾಣಿಕೆ 1 ಬರಬೇಕು. ಬಂದದ್ದು ಸರಾಸರಿ 0.54. ಸಾಲ ತೀರಿಸುವ ಶಕ್ತಿಗೆ ಕೊಡುವ ರೇಟಿಂಗ್‌ನಲ್ಲಿ ಇದೇ ಅಂಕಿ 0.9ಕ್ಕಿಂತ ಮೇಲೆ ಇರುತ್ತದೆ. 2022ರ ಮೇ ತಿಂಗಳಲ್ಲಿ ಅಮೆರಿಕದ ದೊಡ್ಡ ಕಂಪನಿಗಳನ್ನು ಇಎಸ್‌ಜಿ ನೋಡಿ ಆರಿಸುವ ಪಟ್ಟಿಯಾದ ಎಸ್ ಆಂಡ್ ಪಿ 500 ಇಎಸ್‌ಜಿ ಸೂಚ್ಯಂಕದಿಂದ ಎಲೆಕ್ಟ್ರಿಕ್ ಕಾರಿನ ಟೆಸ್ಲಾವನ್ನು ತೆಗೆದರು. ಕಚ್ಚಾತೈಲದ ಎಕ್ಸಾನ್‌ಮೊಬಿಲ್ ಅದರಲ್ಲೇ ಉಳಿಯಿತು. ಟೆಸ್ಲಾ ಕಾರ್ಖಾನೆಯ ಕೆಲಸದ ಪರಿಸ್ಥಿತಿ, ಜನಾಂಗ ತಾರತಮ್ಯದ ದೂರು ಇವೆಲ್ಲ ಲೆಕ್ಕಕ್ಕೆ ಬಂದಿದ್ದವು. ಒಂದೇ ಅಂಕದೊಳಗೆ ಹೊಗೆಯನ್ನೂ ಕೂಲಿಯನ್ನೂ ಕೂಡಿಸಿ ಕಳೆದರೆ ಹೀಗೇ ಆಗುತ್ತದೆ.

ಹಾಗಾದರೆ ಸರಿಯಾಗಿ ಮಾಡುವವರು ಯಾರೂ ಇಲ್ಲವಾ? ಇದ್ದಾರೆ. ನಾರ್ವೆ ನೋಡಿ. ತೈಲ, ಅನಿಲದಿಂದ ಬಂದ ಹಣವನ್ನು ಆ ದೇಶ ಮುಂದಿನ ತಲೆಮಾರಿಗೆ ಅಂತ ಒಂದು ನಿಧಿಯಲ್ಲಿ ಇಟ್ಟಿದೆ. ಪ್ರಪಂಚದ ಸಾವಿರಾರು ಕಂಪನಿಗಳಲ್ಲಿ ಅದಕ್ಕೆ ಷೇರಿದೆ. 2004ರಲ್ಲಿ ಅವರು ಒಂದು ನೈತಿಕ ಮಂಡಳಿ ಮಾಡಿದರು. ಯಾವ ಕಂಪನಿಯಿಂದ ಹೊರಬರಬೇಕು ಅಂತ ಅದು ತನಿಖೆ ಮಾಡಿ ಶಿಫಾರಸು ಮಾಡುತ್ತಿತ್ತು. 2007ರಲ್ಲಿ ವೇದಾಂತ ಕಂಪನಿಯ ಷೇರು ಮಾರಿ ಹೊರಬಂದರು. ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಯೋಜನೆಯಲ್ಲಿ ಪರಿಸರಕ್ಕೂ ಅಲ್ಲಿನ ಆದಿವಾಸಿಗಳಿಗೂ ಆದ, ಆಗಬಹುದಾದ ಹಾನಿ ಅವರು ಕೊಟ್ಟ ಕಾರಣಗಳಲ್ಲಿ ಒಂದು. ಗಮನಿಸಿ, ಆ ಬೆಟ್ಟದ ಹನ್ನೆರಡು ಗ್ರಾಮಸಭೆಗಳು ಗಣಿ ಬೇಡ ಅಂದದ್ದು 2013ರಲ್ಲಿ, ಸುಪ್ರೀಂ ಕೋರ್ಟ್ ಆದೇಶದ ಮೇಲೆ. ಆರು ವರ್ಷ ಮೊದಲೇ ನಾರ್ವೆಯವರು ಕಾಗದ ಓದಿ ಕಾರಣ ಬರೆದು ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ನಾನು ಮೆಚ್ಚುವುದು ಆ ಬರೆದಿಟ್ಟ ಕಾರಣವನ್ನು. ಹೊರಗಿಟ್ಟ ಕಂಪನಿಗಳ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು, ಜಗಳವಾಡಬಹುದು.

ಇದಕ್ಕೆ ವಿರುದ್ಧದ ಉದಾಹರಣೆ ಜರ್ಮನಿಯ ಡಿಡಬ್ಲ್ಯುಎಸ್. ದೊಡ್ಡ ಹೂಡಿಕೆ ಸಂಸ್ಥೆ. ‘ಇಎಸ್‌ಜಿ ನಮ್ಮ ರಕ್ತದಲ್ಲೇ ಇದೆ’ ಅನ್ನುವ ಧಾಟಿಯಲ್ಲಿ ಪ್ರಚಾರ ಮಾಡಿತು. ಹೇಳುವಷ್ಟು ಮಾಡುತ್ತಿಲ್ಲ ಅಂತ ಅದರ ಸುಸ್ಥಿರತಾ ವಿಭಾಗದ ಮುಖ್ಯಸ್ಥೆಯಾಗಿದ್ದವರೇ 2021ರಲ್ಲಿ ಹೊರಗೆ ಹೇಳಿದರು. 2022ರ ಮೇ ತಿಂಗಳಲ್ಲಿ ಫ್ರಾಂಕ್‌ಫರ್ಟ್ ಕಚೇರಿಗೆ ಪೊಲೀಸರು ಬಂದರು. 2023ರಲ್ಲಿ ಅಮೆರಿಕದ ಷೇರು ನಿಯಂತ್ರಕರು ಈ ವಿಷಯಕ್ಕೇ 1.9 ಕೋಟಿ ಡಾಲರ್ ದಂಡ ಹಾಕಿದರು. 2025ರಲ್ಲಿ ಜರ್ಮನಿಯಲ್ಲಿ 2.5 ಕೋಟಿ ಯೂರೋ ದಂಡ. ಹೆಸರಿಗೆ ಮರುಳಾಗಬೇಡಿ ಅಂತ ನಾನು ಪದೇ ಪದೇ ಹೇಳುವುದು ಇಂಥವನ್ನು ನೋಡಿಯೇ. ವಿಶ್ವಸಂಸ್ಥೆಯ ಬೆಂಬಲದಿಂದ 2006ರಲ್ಲಿ ಶುರುವಾದ ಜವಾಬ್ದಾರಿಯುತ ಹೂಡಿಕೆಯ ತತ್ವಗಳಿಗೆ, ಅಂದರೆ ಪಿಆರ್‌ಐಗೆ, ಸಾವಿರಾರು ಸಂಸ್ಥೆಗಳು ಸಹಿ ಹಾಕಿವೆ. ಏಜೆಂಟರು ಆ ಲೋಗೋ ತೋರಿಸುತ್ತಾರೆ. ಸಹಿ ಒಳ್ಳೇದೇ, ಆದರೆ ಅದು ಯಾವ ಫಂಡಿಗೂ ಕೊಟ್ಟ ಪ್ರಮಾಣಪತ್ರ ಅಲ್ಲ.

ನೀವು ಕಾಫಿ ಬೆಳೆಯುವವರು. ಚೀಲದ ಮೇಲೆ ಒಳ್ಳೆ ಕಾಫಿ ಅಂತ ಬರೆದಿದ್ದರೆ ವ್ಯಾಪಾರಿ ಒಪ್ಪುತ್ತಾನಾ? ಸ್ಯಾಂಪಲ್ ತೆಗೆದು, ತೇವ ನೋಡಿ, ಔಟ್‌ಟರ್ನ್ (ಒಣ ಕಾಯಿಯಿಂದ ಎಷ್ಟು ಬೀಜ ಸಿಗುತ್ತದೆ ಅಂತ) ನೋಡಿ ಆಮೇಲೆ ದರ ಹೇಳುತ್ತಾನೆ. ಫಂಡಿನಲ್ಲೂ ಸ್ಯಾಂಪಲ್ ತೆಗೆಯಲು ಈಗ ದಾರಿ ಇದೆ.

ಸೆಬಿ 2023ರ ಜುಲೈನಲ್ಲಿ ಇಎಸ್‌ಜಿ ಫಂಡುಗಳಿಗೆ ಕಟ್ಟುನಿಟ್ಟಾದ ನಿಯಮ ಮಾಡಿತು. ಆರು ವಿಧಾನಗಳನ್ನು ಹೇಳಿ, ಯಾವುದನ್ನು ಅನುಸರಿಸುತ್ತೀರಿ ಅಂತ ಫಂಡಿನ ಹೆಸರಲ್ಲೇ ಬರೆಯಿರಿ ಅಂದಿತು. ಕನಿಷ್ಠ ಶೇ 80ರಷ್ಟು ಹಣ ಆ ವಿಧಾನಕ್ಕೆ ತಕ್ಕಂತೆ ಇರಬೇಕು. ನಿಮಗೆ ಬೇಕಾದ್ದು ಹೊರಗಿಡುವ ವಿಧಾನ, ಅಂದರೆ ‘ಎಕ್ಸ್‌ಕ್ಲೂಷನ್’. ಅದು ಇಂಥಿಂಥ ಉದ್ಯಮಕ್ಕೆ ಹಣ ಹಾಕುವುದಿಲ್ಲ ಅಂತ ಮೊದಲೇ ಹೇಳುತ್ತದೆ. ‘ಇಂಟಿಗ್ರೇಷನ್’ ಅಂತಿದ್ದರೆ ಇಎಸ್‌ಜಿ ಅಂಶಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಅಂತಷ್ಟೇ ಅರ್ಥ, ಅದರಲ್ಲಿ ಗಣಿ ಕಂಪನಿಯೂ ಬರಬಹುದು. ‘ಬೆಸ್ಟ್ ಇನ್ ಕ್ಲಾಸ್’ ಅಂದರೆ ಪ್ರತಿ ಉದ್ಯಮದಲ್ಲಿ ಉಳಿದವರಿಗಿಂತ ವಾಸಿ ಅನ್ನಿಸಿದವರು. ಸಿಮೆಂಟ್ ಕಂಪನಿಗಳಲ್ಲಿ ವಾಸಿಯಾದದ್ದೂ ಸಿಮೆಂಟ್ ಕಂಪನಿಯೇ. ನಿಮ್ಮ ಮಗ ಹೇಳಿದ ಫಂಡಿನ ಪೂರ್ತಿ ಹೆಸರು ಓದಿ. ಅರ್ಧ ಉತ್ತರ ಅಲ್ಲೇ ಇದೆ.

ಇನ್ನರ್ಧ ಕಂಪನಿಗಳ ವರದಿಯಲ್ಲಿ. ಷೇರುಪೇಟೆಯಲ್ಲಿರುವ, ಮಾರುಕಟ್ಟೆ ಮೌಲ್ಯದಲ್ಲಿ ದೇಶದ ಮೊದಲ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನುವ, ಅಂದರೆ ಜವಾಬ್ದಾರಿ ಮತ್ತು ಸುಸ್ಥಿರತೆಯ ವರದಿ ಕೊಡಲೇಬೇಕು. ಎಷ್ಟು ನೀರು ಎಳೆದರು, ಎಷ್ಟು ತ್ಯಾಜ್ಯ, ಕೆಲಸದಲ್ಲಿ ಎಷ್ಟು ಜನ ಸತ್ತರು, ಹೆಂಗಸರಿಗೆ ಎಷ್ಟು ಸಂಬಳ ಎಲ್ಲ ಅದರಲ್ಲಿದೆ. ಕಂಪನಿಯ ವಾರ್ಷಿಕ ವರದಿ ಜೊತೆ ಸಿಗುತ್ತದೆ. ಪೂರ್ತಿ ಓದಬೇಕಿಲ್ಲ. ಫಂಡಿನ ಪಟ್ಟಿಯಲ್ಲಿ ಮೇಲಿರುವ ಹತ್ತು ಕಂಪನಿಗಳಲ್ಲಿ ಎರಡನ್ನು ತೆಗೆದುಕೊಂಡು, ದೂರು ಮತ್ತು ಅಪಘಾತದ ಪುಟ ಓದಿದರೆ ಸಾಕು.

ಕೊನೆಗೆ ಮತದಾನ. ಇದನ್ನು ಯಾರೂ ಕೇಳುವುದಿಲ್ಲ, ನನ್ನ ಪ್ರಕಾರ ಇದೇ ಮುಖ್ಯ. ಫಂಡ್ ನಿಮ್ಮ ಹಣದಿಂದ ಷೇರು ಕೊಂಡರೆ ಆ ಕಂಪನಿಯ ಸಭೆಯಲ್ಲಿ ಮತ ಹಾಕುವ ಹಕ್ಕು ಫಂಡಿಗೆ ಬರುತ್ತದೆ. 2021ರಲ್ಲಿ ‘ಇಂಜಿನ್ ನಂಬರ್ 1’ ಅನ್ನುವ ಸಣ್ಣ ಸಂಸ್ಥೆ ಎಕ್ಸಾನ್‌ಮೊಬಿಲ್‌ನಲ್ಲಿ ಶೇ 0.02ರಷ್ಟು ಷೇರು ಇಟ್ಟುಕೊಂಡು ಆಡಳಿತ ಮಂಡಳಿಗೆ ಮೂರು ಜನರನ್ನು ಗೆಲ್ಲಿಸಿತು. ದೊಡ್ಡ ಫಂಡುಗಳು ಅದರ ಪರ ಮತ ಹಾಕಿದ್ದರಿಂದ ಅದಾಯಿತು. ನಾರ್ವೆಯ ನಿಧಿ ತಾನು ಹೇಗೆ ಮತ ಹಾಕುತ್ತೇನೆ ಅಂತ ಸಭೆಗೆ ಐದು ದಿನ ಮೊದಲೇ ಪ್ರಕಟಿಸುತ್ತದೆ. ನಮ್ಮಲ್ಲೂ ಮ್ಯೂಚುವಲ್ ಫಂಡುಗಳು ಮತದ ವಿವರ, ಕಾರಣ ಎರಡನ್ನೂ ವೆಬ್‌ಸೈಟಿನಲ್ಲಿ ಹಾಕಬೇಕು. ತೆಗೆದು ನೋಡಿ. ಎಲ್ಲ ಕಂಪನಿಗೂ ಎಲ್ಲ ವಿಷಯಕ್ಕೂ ‘ಪರ’ ಅಂತಲೇ ಇದ್ದರೆ ಅಂಥ ಫಂಡಿಗೆ ನಾನು ಹಣ ಹಾಕುವುದಿಲ್ಲ.

ಎಷ್ಟು ಹಾಕಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇದು ಷೇರಿನ ಫಂಡ್. ಐದಾರು ವರ್ಷ ಮುಟ್ಟಬೇಕಾಗಿ ಬರದ ಹಣ ಮಾತ್ರ ಹಾಕಿ. ಕಾಫಿ ದರ ಇಳಿದ ವರ್ಷಕ್ಕೆ ಗೊಬ್ಬರ, ಕೂಲಿ, ಕೆಲಸದವರ ಲೈನ್ ಮನೆ ರಿಪೇರಿಗೆ ಬೇಕಾದ ಹಣ ಮೊದಲು ಬೇರೆ ಎತ್ತಿಡಿ. ಅದರಲ್ಲಿ ನಾನು ಬಿಗಿ. ಕೆಲಸದವರ ಕೂಲಿ ತಡ ಮಾಡಿ ಇಎಸ್‌ಜಿ ಫಂಡಿಗೆ ಕಂತು ಕಟ್ಟುವುದರಲ್ಲಿ ಅರ್ಥವಿಲ್ಲ.

ತೋಟದ ಮರಗಳಿಗೆ ಕಾರ್ಬನ್ ಕ್ರೆಡಿಟ್ ಕೊಡಿಸ್ತೀವಿ, ನೋಂದಣಿ ಶುಲ್ಕ ಕಟ್ಟಿ ಅಂತ ಬಂದಿದ್ದಾರೆ. ಆರ್‌ಟಿಸಿ ಪ್ರತಿಯನ್ನೂ ಕೇಳ್ತಿದ್ದಾರೆ. (ಸೋಮವಾರಪೇಟೆ)

ಆರ್‌ಟಿಸಿಯನ್ನೂ ಕೊಡಬೇಡಿ, ಶುಲ್ಕವನ್ನೂ ಕಟ್ಟಬೇಡಿ. ಈ ಹಾವಳಿ ಈಗ ವಿಪರೀತವಾಗಿದೆ.

ಕಾರ್ಬನ್ ಕ್ರೆಡಿಟ್, ಅಂದರೆ ಗಾಳಿಯ ಇಂಗಾಲ ತಗ್ಗಿಸಿದ್ದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರ, ಸುಳ್ಳಲ್ಲ. ಆದರೆ ಅದರ ಮೂಲ ನಿಯಮ ಒಂದಿದೆ. ಈ ಯೋಜನೆ ಇಲ್ಲದಿದ್ದರೆ ಆಗುತ್ತಿರಲಿಲ್ಲ ಅನ್ನುವಂಥ ಹೆಚ್ಚುವರಿ ಕೆಲಸಕ್ಕೆ ಮಾತ್ರ ಕ್ರೆಡಿಟ್. ನಿಮ್ಮ ಅಜ್ಜನ ಕಾಲದಿಂದ ಕಾಫಿಗೆ ನೆರಳು ಕೊಡುತ್ತಿರುವ ಮರಗಳು ಕ್ರೆಡಿಟ್ ಇದ್ದರೂ ಇಲ್ಲದಿದ್ದರೂ ಅಲ್ಲೇ ಇರುತ್ತವೆ. ‘ಇರುವ ಮರಕ್ಕೇ ಎಕರೆಗೆ ಇಷ್ಟು’ ಅಂತ ಹೇಳುವವನಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದಾನೆ. ಇನ್ನೊಂದು ನಮ್ಮ ಜಿಲ್ಲೆಯದೇ ತೊಡಕು. ಅನ್‌ರಿಡೀಮ್ಡ್ ಜಾಗದಲ್ಲಿ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗದಲ್ಲಿ, ಮರದ ಹಕ್ಕು ಸರ್ಕಾರದ್ದು. ನಿಮ್ಮದಲ್ಲದ ಮರದ ಮೇಲೆ ಹತ್ತಾರು ವರ್ಷದ ಕರಾರಿಗೆ ಸಹಿ ಹಾಕಿದರೆ ನಾಳೆ ಉತ್ತರ ಕೊಡಬೇಕಾದವರು ನೀವು, ಅವನಲ್ಲ. ನಿಜವಾದ ಯೋಜನೆಯವರು ಬಂದರೆ ಬೆಳೆಗಾರರಿಂದ ಮುಂಗಡ ಹಣ ಕೇಳುವುದಿಲ್ಲ. ಕರಾರನ್ನು ವಕೀಲರಿಗೆ ತೋರಿಸಲು ಸಮಯ ಕೊಡುತ್ತಾರೆ.

ಇಎಸ್‌ಜಿ ಫಂಡಿನಲ್ಲಿ ಲಾಭ ಕಮ್ಮಿ ಅಂತಾರೆ, ನಿಜವಾ? (ಕುಶಾಲನಗರ)

ಕೆಲವು ವರ್ಷ ಕಮ್ಮಿ, ಕೆಲವು ವರ್ಷ ಜಾಸ್ತಿ. 2022ರಲ್ಲಿ ಉಕ್ರೇನ್ ಯುದ್ಧದಿಂದ ತೈಲದ ದರ ಏರಿದಾಗ ತೈಲ ಕಂಪನಿ ಇಲ್ಲದ ಫಂಡುಗಳು ಹಿಂದೆ ಬಿದ್ದವು. ‘ಒಳ್ಳೆ ಕೆಲಸಕ್ಕೆ ಹೆಚ್ಚು ಲಾಭ ಗ್ಯಾರಂಟಿ’ ಅನ್ನುವವರನ್ನು ನಂಬಬೇಡಿ.

ಬ್ಯಾಂಕಿನಲ್ಲಿ ಗ್ರೀನ್ ಡೆಪಾಸಿಟ್ ಅಂತ ಇದೆ. ವಯಸ್ಸಾದ ನಮಗೆ ಆಗುತ್ತಾ? (ವಿರಾಜಪೇಟೆ)

ಆಗುತ್ತದೆ. ರಿಸರ್ವ್ ಬ್ಯಾಂಕ್ ನಿಯಮ 2023ರ ಜೂನ್ 1ರಿಂದ ಜಾರಿಯಲ್ಲಿದೆ. ಆ ಹಣ ಸೌರವಿದ್ಯುತ್, ನೀರಿನ ನಿರ್ವಹಣೆ, ಶುದ್ಧ ಸಾರಿಗೆ ಇಂಥವಕ್ಕೆ ಹೋಗಬೇಕು. ಪಳೆಯುಳಿಕೆ ಇಂಧನಕ್ಕೂ 25 ಮೆಗಾವಾಟ್‌ಗಿಂತ ದೊಡ್ಡ ಜಲವಿದ್ಯುತ್ ಯೋಜನೆಗೂ ಹೋಗುವಂತಿಲ್ಲ. ಹೊರಗಿನವರು ಪ್ರತಿ ವರ್ಷ ಪರಿಶೀಲಿಸಬೇಕು. 5 ಲಕ್ಷದವರೆಗಿನ ವಿಮೆ ಮಾಮೂಲಿ ಎಫ್‌ಡಿಗೆ ಇರುವ ಹಾಗೇ ಇದೆ. ಕೆಲವು ಬ್ಯಾಂಕುಗಳು ಬಡ್ಡಿ ಸ್ವಲ್ಪ ಕಮ್ಮಿ ಕೊಡುತ್ತವೆ, ಕೇಳಿಕೊಂಡು ಇಡಿ. ಮಾಸಿಕ ಖರ್ಚಿಗೆ ಬಡ್ಡಿಯನ್ನೇ ನಂಬಿದ್ದರೆ ಸುಮ್ನೆ ಹೆಚ್ಚು ಬಡ್ಡಿಯ ಎಫ್‌ಡಿಯಲ್ಲೇ ಇಡಿ, ಅದರಲ್ಲಿ ತಪ್ಪೇನಿಲ್ಲ.

ಒಂದು ಒಳ್ಳೆ ಫಂಡಿನ ಹೆಸರು ಹೇಳಿ. (ಹಲವರು)

ನಿಮ್ಮ ಆದಾಯ, ಸಾಲ, ವಯಸ್ಸು ಗೊತ್ತಿಲ್ಲದೆ ಹೇಳುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ‘ಸೆಬಿ ಅನುಮೋದಿತ ಗ್ರೀನ್ ಎನರ್ಜಿ ಪ್ಲಾನ್’ ಅಂತ ಪತ್ರ ಕಳಿಸಿದ್ದರು. ನಿನ್ನೆ ಹಣ ಹಾಕಿದೆ. ಈಗ ವಾಪಸ್ ಕೇಳಿದರೆ ತೆರಿಗೆ ಕಟ್ಟಿ ಅಂತಾರೆ. (ಸಿದ್ದಾಪುರ)

ನಿಮಗೆ ಆಗಲೇ ಫೋನಿನಲ್ಲಿ ಹೇಳಿದ್ದೇನೆ, ಬೇರೆಯವರಿಗೂ ಗೊತ್ತಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ತೆರಿಗೆ ಅಂತ ಇನ್ನೊಂದು ರೂಪಾಯಿ ಹಾಕಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಹಣ ಆ ಖಾತೆಯಲ್ಲೇ ತಡೆಯುವ ಅವಕಾಶ ಅಷ್ಟು ಜಾಸ್ತಿ. ಆಮೇಲೆ ನಿಮ್ಮ ಬ್ಯಾಂಕಿಗೆ ತಿಳಿಸಿ, ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಗುಂಪಿನ ಮಾತುಕತೆ, ಪತ್ರ, ಹಣ ಕಳಿಸಿದ ರಸೀದಿ ಯಾವುದನ್ನೂ ಅಳಿಸಬೇಡಿ. ಮನೆಯವರಿಗೆ ಗೊತ್ತಾದರೆ ಬೈತಾರೆ ಅಂತ ಮುಚ್ಚಿಟ್ಟು ಎರಡು ದಿನ ಕಳೆಯಬೇಡಿ.