ಹಳ್ಳಿಯ ಹಳೇ ಚರ್ಚಿನಲ್ಲಿ ನಾರ್ಮನ್ ಕಾಲದ ಭಾಗ ಯಾವುದು ಅಂತ ಗುರುತಿಸುವುದು ಹೇಗೆ?

ಇಂಗ್ಲೆಂಡಿನ ಹಳ್ಳಿ ಚರ್ಚುಗಳನ್ನು ನೋಡಲು ಹೊರಟಿದ್ದೀರಿ, ಯಾವುದು ನಾರ್ಮನ್ ಅಂತ ತಿಳಿಯುತ್ತಿಲ್ಲ ಅಂದಿದ್ದೀರಿ. ಕಿಟಕಿ ನೋಡಬೇಡಿ, ಬಾಗಿಲು ನೋಡಿ. ನಾನು ಮೊದಲು ಹೋಗುವುದೇ ದಕ್ಷಿಣದ ಬಾಗಿಲಿಗೆ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಆಮೇಲೆ ಕಟ್ಟಿದ ಚರ್ಚುಗಳಲ್ಲಿ ಗೋಡೆ ದಪ್ಪ, ಕಿಟಕಿ ಪುಟ್ಟದು. ಒಳಗೆ ಕತ್ತಲೋ ಕತ್ತಲು. ಹಾಗಾಗಿ ಮುಂದಿನ ತಲೆಮಾರಿನವರು ಬೆಳಕಿಗಾಗಿ ಆ ಕಿಟಕಿಗಳನ್ನು ಒಡೆದು ದೊಡ್ಡದು ಮಾಡಿಸಿದರು. ಕೆತ್ತನೆಯ ಬಾಗಿಲನ್ನು ಎಷ್ಟೋ ಕಡೆ ಹಾಗೇ ಬಿಟ್ಟರು. ಅದರ ಮುಂದೆ ಮಂಟಪ ಕಟ್ಟಿದ್ದರಂತೂ ಮಳೆಯಿಂದಲೂ ಉಳಿಯಿತು.

ಬಾಗಿಲ ಮೇಲೆ ಅರ್ಧವೃತ್ತದ ಕಮಾನು, ಅದರ ಮೇಲೆ ಅಂಕುಡೊಂಕು ಗೆರೆಗಳ ಸಾಲು ಕಂಡರೆ ಹೆಚ್ಚಾಗಿ ಅದು 12ನೇ ಶತಮಾನದ್ದು. ಬರೀ ದುಂಡು ಕಮಾನು ಸಾಲದು, ನಾರ್ಮನ್ನರಿಗಿಂತ ಮೊದಲು ಇಂಗ್ಲೆಂಡಿನಲ್ಲಿದ್ದ ಸ್ಯಾಕ್ಸನ್ನರೂ ಅದನ್ನು ಕಟ್ಟುತ್ತಿದ್ದರು. ಚೂಪು ಕಮಾನು ಬಂದಿದ್ದರೆ ಆ ಭಾಗ ಸಾಮಾನ್ಯವಾಗಿ 12ನೇ ಶತಮಾನದ ಕೊನೆಯದು ಅಥವಾ ಆಮೇಲಿನದು.

ಒಂದೇ ಒಂದು ಚರ್ಚ್ ನೋಡಲು ಸಮಯವಿದ್ದರೆ ಹೆರಿಫರ್ಡ್‌ಶೈರ್ ಜಿಲ್ಲೆಯ ಕಿಲ್ಪೆಕ್‌ಗೆ ಹೋಗಿ. ಸುಮಾರು 1140ರ ಹೊತ್ತಿನದು, ಕೆಂಪು ಮರಳುಗಲ್ಲು. ಪುಟ್ಟ ಹಳ್ಳಿ, ಆದರೆ ಕೆತ್ತನೆಯಲ್ಲಿ ಎಷ್ಟೋ ದೊಡ್ಡ ಚರ್ಚುಗಳನ್ನು ಮೀರಿಸುತ್ತದೆ. ದಕ್ಷಿಣದ ಬಾಗಿಲಿನ ಕಮಾನಿನೊಳಗೆ ಬಳ್ಳಿ, ದ್ರಾಕ್ಷಿ ಗೊಂಚಲು. ಪಕ್ಕದ ಕಂಬಗಳಲ್ಲಿ ಹೆಣೆದುಕೊಂಡ ಹಾವುಗಳು, ಬಳ್ಳಿಯ ನಡುವೆ ಸಿಕ್ಕಿಕೊಂಡಂತಿರುವ ತೆಳ್ಳಗಿನ ಸೈನಿಕರು. ತಲೆ ಎತ್ತಿ ಸೂರಿನ ಕೆಳಗೂ ನೋಡಿ. ಸುತ್ತಲೂ ಎಂಬತ್ತಕ್ಕೂ ಹೆಚ್ಚು ಪುಟ್ಟ ಕಲ್ಲುಶಿಲ್ಪಗಳಿವೆ. ನಾಯಿ ಮತ್ತು ಮೊಲ ಅಕ್ಕಪಕ್ಕ ಕೂತಿರುವುದು ನನಗೆ ಬಹಳ ಇಷ್ಟ. ತನ್ನ ಗುಹ್ಯಾಂಗವನ್ನು ಎರಡೂ ಕೈಯಿಂದ ತೆರೆದು ತೋರಿಸುವ ಹೆಂಗಸೂ ಇದ್ದಾಳೆ, ಅದೂ ಚರ್ಚಿನ ಗೋಡೆ ಮೇಲೆ! ಯಾಕೆ ಕೆತ್ತಿದರು ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ.

ಒಳಗೆ ಹೋದರೆ ಬಲಿಪೀಠದ ಕಡೆಗಿನ ಕಮಾನು ನೋಡಿ. ಅದರ ಕಂಬಗಳಲ್ಲಿ ಸಂತರು ಒಬ್ಬರ ಮೇಲೊಬ್ಬರು ನಿಂತಿದ್ದಾರೆ. ಪೂರ್ವದ ತುದಿ ಅರ್ಧಚಂದ್ರಾಕಾರ. ಅದೂ ನಾರ್ಮನ್ ಗುರುತೇ, ಆದರೆ ಬೇರೆ ಊರುಗಳಲ್ಲಿ ಅದನ್ನು ಕೆಡವಿ ಚೌಕಾಕಾರವಾಗಿ ಉದ್ದ ಮಾಡಿರುವುದೇ ಜಾಸ್ತಿ.

ಒಂದು ಎಚ್ಚರಿಕೆ. 19ನೇ ಶತಮಾನದಲ್ಲಿ ವಿಕ್ಟೋರಿಯಾ ರಾಣಿಯ ಕಾಲದವರು ಹಳೇ ಚರ್ಚುಗಳನ್ನು ರಿಪೇರಿ ಮಾಡಿದ್ದಲ್ಲದೆ ಹೊಸದಾಗಿ ನಾರ್ಮನ್ ಶೈಲಿಯಲ್ಲೂ ಕಟ್ಟಿದರು. ಅಂಕುಡೊಂಕಿನ ಅಂಚು ನಿನ್ನೆ ಕಡೆದಷ್ಟು ಚೂಪಾಗಿದ್ದು, ಪ್ರತಿ ಹಲ್ಲೂ ಒಂದೇ ಅಳತೆಯಲ್ಲಿದ್ದರೆ ಸುಮ್ನೆ ನಂಬಬೇಡಿ. ಸುತ್ತಲಿನ ಕಲ್ಲಿನ ಸವೆತದ ಜೊತೆ ಹೋಲಿಸಿ ನೋಡಿ.