ನನ್ನಿಂದ ಆಗುವುದಿಲ್ಲ ಎನಿಸಿದಾಗ ದೇವರ ಬಲವನ್ನು ನಂಬುವುದು ಹೇಗೆ?

ಹಗಲು ಕಚೇರಿ, ರಾತ್ರಿ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದ ತಾಯಿಯ ಆರೈಕೆ. ಪ್ರಾರ್ಥಿಸಲೂ ತ್ರಾಣವಿಲ್ಲ, ನನ್ನ ನಂಬಿಕೆಯೇ ಕುಂದಿತೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ನೀವು ದಣಿದಿದ್ದೀರಿ, ಅಷ್ಟೇ.

ಬೈಬಲಿನಲ್ಲಿ ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ಓದಿ. ಪ್ರವಾದಿ ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಇನ್ನು ಸಾಕು, ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡುತ್ತಾನೆ. ದೇವರು ಅವನನ್ನು ಗದರಿಸುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ನಿದ್ದೆ ಹೋದವನನ್ನು ದೂತನು ತಟ್ಟಿ ಎಬ್ಬಿಸಿದಾಗ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ಅವನು ತಿಂದು ಮತ್ತೆ ಮಲಗುತ್ತಾನೆ. ದೂತನು ಎರಡನೆಯ ಸಲವೂ ಬಂದು, ದಾರಿ ದೂರವಿದೆ, ಎದ್ದು ಊಟ ಮಾಡು ಎನ್ನುತ್ತಾನೆ. ಆ ಊಟದ ಬಲದಿಂದಲೇ ಎಲೀಯ 40 ದಿನ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟುತ್ತಾನೆ.

ಇಸ್ರಾಯೇಲರನ್ನು ಈಜಿಪ್ಟಿನ ದಾಸತ್ವದಿಂದ ಬಿಡಿಸಲು ದೇವರು ಕರೆದ ಮೋಶೆಯದೂ ಹೀಗೆಯೇ. ನನಗೆ ಮಾತು ಬಾರದು ಎಂದಾಗ ಅವನ ನಾಲಿಗೆಯ ತೊಡಕು ಹೋಗಲಿಲ್ಲ. ಅಣ್ಣ ಆರೋನ ಜೊತೆಗೆ ಬಂದ.

ದೇವರ ಬಲ ಹೀಗೆ ಊಟ, ನಿದ್ದೆ, ಜೊತೆಗೆ ನಿಲ್ಲುವವರ ಮೂಲಕವೂ ಬರುತ್ತದೆ. ಆದ್ದರಿಂದ, ಒಂದು ರಾತ್ರಿ ನಾನು ನೋಡಿಕೊಳ್ಳುತ್ತೇನೆ ಎನ್ನುವ ಬಂಧುಗಳಿದ್ದರೆ ದಯವಿಟ್ಟು ಬೇಡವೆನ್ನಬೇಡಿ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ. ತಾಯಿಯವರ ವೈದ್ಯರೊಂದಿಗೆ ಮಾತನಾಡಿ ಅಲ್ಲಿಯೂ ವಿಚಾರಿಸಿ. ಪ್ರಾರ್ಥನೆಗೆ ಮಾತು ಹೊರಡದಿದ್ದರೆ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ಕುಳಿತು ಬನ್ನಿ. ಗುರುವಾರ ಜನಜಂಗುಳಿ ಇರುತ್ತದೆ, ಬೇರೆ ದಿನ ಹೋಗಿ.