ಮನೆ ಯಾರ ಹೆಸರಿನಲ್ಲಿದೆ?

ಓದುಗರ ಪತ್ರ:
“ಹೆಂಡತಿಗೆ ಹೊಡೆಯುವವರ ಬಗ್ಗೆ, ಸಹಾಯವಾಣಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಕಾಲದಲ್ಲಿ ಗುರಿಕಾರರು, ಹಿರಿಯರು ಜಗಲಿಯಲ್ಲಿ ಕೂತು ಪಂಚಾತಿಗೆ ಮಾಡಿ ಸರಿಪಡಿಸುತ್ತಿದ್ದರು. ಈಗ ಸಣ್ಣ ಮಾತಿಗೂ ಠಾಣೆ, ಕೋರ್ಟು. ಒಡೆದ ಮನೆಯನ್ನು ಕೂಡಿಸುವುದೇ ನಿಜವಾದ ನಾಯಕತ್ವ, ಅಲ್ವಾ?”
ನಿವೃತ್ತ ಬ್ಯಾಂಕ್ ಉದ್ಯೋಗಿ, ಕಾಪು

ಸಂಪಾದಕರ ಉತ್ತರ:

ರಾಯರೇ, ನಿಮ್ಮ ಅಕ್ಷರ ನೋಡಿ ಖುಷಿಯಾಯಿತು. ಲೆಡ್ಜರ್ ಬರೆದ ಕೈ ಎಂದು ಕೂಡಲೇ ಗೊತ್ತಾಗುತ್ತದೆ. ಕಾಗದ ಬರೆದು ಜಗಳ ಮಾಡುವವರು ಈಗ ಎಷ್ಟು ಮಂದಿ ಇದ್ದಾರೆ? ಹಾಗಾಗಿ ಸ್ವಲ್ಪ ಉದ್ದಕ್ಕೇ ಉತ್ತರಿಸುತ್ತೇನೆ.

ಮೊದಲು ನಿಮಗೆ ಸಲ್ಲಬೇಕಾದ್ದು ಸಲ್ಲಲಿ. ಸುಳ್ಳು ದೂರು ಇಲ್ಲವೇ ಇಲ್ಲ ಅನ್ನಲಾರೆ. ದೂರು ಬಂತು ಎಂದ ಕೂಡಲೇ ಹಿಡಿದು ಒಳಗೆ ಹಾಕಬೇಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟೇ ಪೊಲೀಸರಿಗೆ ಹೇಳಿದೆ. ಹಿರಿಯರ ಮಾತಿಗೆ ತೂಕ ಇತ್ತು, ಅದೂ ಸರಿ.

ಆದರೆ ಮಾರಾಯ್ರೇ, ಆ ಪಂಚಾತಿಗೆಯನ್ನು ನಾನೂ ನೋಡಿದ್ದೇನೆ. ನಮ್ಮ ಅಜ್ಜನ ಮನೆಯ ಜಗಲಿಯಲ್ಲೇ. ಗಂಡಸರೆಲ್ಲ ಬೆಂಚಿನ ಮೇಲೆ, ನಡುವೆ ವೀಳ್ಯದ ಹರಿವಾಣ. ಏಟು ತಿಂದವಳು ಬಾಗಿಲ ಹಿಂದೆ. ‘ಇನ್ನು ಕುಡಿಯುವುದಿಲ್ಲ’ ಎಂದು ಗಂಡ ದೈವದ ಮೇಲೆ ಆಣೆ ಇಟ್ಟ. ‘ಇನ್ನು ಎದುರು ಮಾತಾಡುವುದಿಲ್ಲ’ ಎಂದು ಅವಳ ಬಾಯಿಂದಲೂ ಹೇಳಿಸಿದರು. ಲೆಕ್ಕ ಸಮ ಆಯಿತು. ಎಲ್ಲರೂ ಚಹಾ ಕುಡಿದು ಎದ್ದರು. ನೀವು ಹೇಳುವ ಹಾಗೆ ಮನೆ ಕೂಡಿತು. ಮಳೆಗಾಲದ ಆಟಿ ತಿಂಗಳಲ್ಲಿ ಅವಳ ಕೈ ಮುರಿಯಿತು. ಅಂಗಳದ ಪಾಚಿಯಲ್ಲಿ ಜಾರಿದ್ದು ಎಂದಳು. ನಾವೂ ಹೌದು ಹೌದು ಅಂದೆವು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದವರೂ ಕೇಳಲಿಲ್ಲ.

ಕೇಳಬಹುದು ಎಂದು ತೋರಿಸಿದವರು ಮುಂಬೈಯವರು. ಅಲ್ಲಿನ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ನೇ ಇಸವಿಯಲ್ಲಿ ‘ದಿಲಾಸಾ’ ಎಂಬ ಕೇಂದ್ರ ಶುರುವಾಯಿತು. ನಗರಪಾಲಿಕೆಯ ಆಸ್ಪತ್ರೆ ಅದು. ಗಾಯ ನೋಡಿ ಅನುಮಾನ ಬಂದರೆ ನರ್ಸು, ಡಾಕ್ಟರು ಅವಳೊಬ್ಬಳನ್ನೇ ಕೂರಿಸಿ ಕೇಳಬೇಕು, ಬರೆದಿಡಬೇಕು, ಆಪ್ತ ಸಲಹೆಗೆ ಕಳಿಸಬೇಕು. ಅದಕ್ಕೆ ಅವರಿಗೆ ತರಬೇತಿ. ಇದಕ್ಕೆ ಹೊಸ ಕಟ್ಟಡ ಏನೂ ಬೇಕಾಗಿರಲಿಲ್ಲ, ನೋಡಿ.

ಇನ್ನು ಪಂಚಾತಿಗೆಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿತ್ತು. ಬೇರೆ ಯಾರಿಗೆ ಹೊಳೆಯದಿದ್ದರೂ ನಿಮಗೆ ಹೊಳೆಯಬೇಕಿತ್ತು. ಸಾಲ ಕೇಳಿ ಬಂದವನಿಗೆ ಮೊದಲು ಏನು ಕೇಳುತ್ತಿದ್ದಿರಿ? ಜಾಗ ಯಾರ ಹೆಸರಿನಲ್ಲಿದೆ ಅಂತ ತಾನೇ? ಹೊಡೆತದ ಲೆಕ್ಕದಲ್ಲೂ ನಾನು ಅದನ್ನೇ ಮೊದಲು ಕೇಳುತ್ತೇನೆ. ಇದು ನನ್ನ ಹಳೇ ಹುಚ್ಚು ಎಂದು ಆಫೀಸಿನಲ್ಲಿ ನಗುತ್ತಾರೆ. ನಗಲಿ. ಸಂಶೋಧಕರಾದ ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಜಾಗವೂ ಮನೆಯೂ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ಏಟು ತಿಂದವರು. ಎರಡೂ ತಮ್ಮ ಹೆಸರಲ್ಲಿ ಇದ್ದವರಲ್ಲಿ 7 ಮಂದಿ. ಬರೀ ಮನೆ ಇದ್ದವರಲ್ಲಿ 10. ಹೊರಟು ಹೋಗಲು ಒಂದು ಜಾಗ ಇದೆ ಎಂದು ಗೊತ್ತಿದ್ದರೆ ಎತ್ತಿದ ಕೈಯೂ ಒಂದು ಸಲ ಯೋಚಿಸುತ್ತದೆ.

ನಮ್ಮ ತುಳುನಾಡಿಗೆ ಇದನ್ನು ಹೊರಗಿನವರು ಕಲಿಸಬೇಕೇ? ಅಳಿಯಸಂತಾನದಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಹೆಣ್ಣಿಗೆ ಹುಟ್ಟಿದ ಮನೆಯ ಹಕ್ಕು ಹೋಗುತ್ತಿರಲಿಲ್ಲ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿ ಇತ್ತು, ಹಾಗಾಗಿ ಅದನ್ನು ಚಿನ್ನದ ಕಾಲ ಎಂದು ಹಾಡುವುದಿಲ್ಲ. ಆದರೂ ‘ಹೊರಗೆ ಹೋಗು’ ಎಂಬ ಮಾತಿಗೆ ಅಲ್ಲಿ ಅಷ್ಟು ಬಲ ಇರಲಿಲ್ಲ. ಈಗ ಹೆಣ್ಣುಮಕ್ಕಳಿಗೂ ಕುಟುಂಬದ ಆಸ್ತಿಯಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಮತ್ತೆ ಆಗುವುದೇನು? ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕಾರಿನಲ್ಲಿ ಕೂರಿಸಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ. ಆಮೇಲೆ ಹೋಟೆಲಿನಲ್ಲಿ ಊಟ, ಒಂದೊಂದು ಸೀರೆ. ಅವಳೇ ನಾಳೆ ಏಟು ತಿಂದು ಬಂದರೆ, ‘ಇಲ್ಲಿ ಎಷ್ಟು ದಿನ ಅಂತ ಇರ್ತೀ?’

ಕೋರ್ಟು ಮನೆ ಒಡೆಯುತ್ತದೆ ಅನ್ನುತ್ತೀರಿ. 2006ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ಕಾಯ್ದೆ ಓದಿ ನೋಡಿ. ಮನೆ ಅವಳ ಹೆಸರಲ್ಲಿ ಇಲ್ಲದಿದ್ದರೂ ಅಲ್ಲಿ ಇರುವ ಹಕ್ಕು ಅವಳಿಗಿದೆ. ಬೇಕಾದರೆ ಗಂಡನೇ ಹೊರಗೆ ಹೋಗಲಿ ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಗಂಡಹೆಂಡತಿ ಸಂಸಾರ ಮಾಡಿದ ಮನೆ ಅತ್ತೆಮಾವನ ಹೆಸರಲ್ಲಿದ್ದರೂ ಈ ಹಕ್ಕು ಕೇಳಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಡೆಯುವ ಕಾನೂನು ಹೀಗಿರುತ್ತದಾ?

ಆ ಕೈ ಮುರಿದ ಹೆಂಗಸು ಬೀಡಿ ಕಟ್ಟುತ್ತಿದ್ದವಳು. ಕೈ ಕೂಡುವವರೆಗೆ ಬೀಡಿ ಬ್ರಾಂಚಿಗೆ ಬರುವ ಹೆಂಗಸರು ತಮ್ಮ ತಮ್ಮ ಬೀಡಿಯಿಂದ ಒಂದೊಂದು ಕಟ್ಟು ತೆಗೆದು ಅವಳ ಪಾಸ್‌ಬುಕ್ಕಿಗೆ ಬರೆಸಿದರು. ಒಬ್ಬ ಮುದುಕಿ ತನ್ನ ಚಾವಡಿಯಲ್ಲಿ ಎರಡು ತಿಂಗಳು ಮಲಗಲು ಜಾಗ ಕೊಟ್ಟಳು. ಅವನು ಬಾಗಿಲಿಗೆ ಬಂದಾಗ ಕತ್ತಿ ಹಿಡಿದೇ ಎದುರು ನಿಂತಿದ್ದಳಂತೆ. ಮೀನು ಕೊಯ್ಯುತ್ತಿದ್ದೆ, ಸುಮ್ನೆ ಕೈಯಲ್ಲಿತ್ತು ಎಂದು ಆಮೇಲೆ ಹೇಳಿದಳು. ನಾಯಕತ್ವದ ಮಾತು ಎತ್ತಿದಿರಲ್ಲ, ನನಗೆ ನೆನಪಾಗುವುದು ಅವಳೇ.

ಆ ಮುದುಕಿಗೆ ಯಾರೂ ಶಾಲು ಹೊದಿಸಲಿಲ್ಲ. ನಮ್ಮಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಬರಗಾಲ ಇಲ್ಲ. ಮಾರ್ಚ್ 8 ಬಂದರೆ ರಂಗೋಲಿ ಸ್ಪರ್ಧೆ, ವೇದಿಕೆ ತುಂಬ ಗಂಡಸರು. ದೇವಸ್ಥಾನದ ಬ್ರಹ್ಮಕಲಶ ಎಂದರೆ ಸಾಕು, ಲಾರಿಗಟ್ಟಲೆ ಹೊರೆಕಾಣಿಕೆ ಹೊರಡುತ್ತದೆ. ತೆಂಗಿನಕಾಯಿ ಎಷ್ಟು, ಅಕ್ಕಿ ಎಷ್ಟು, ಯಾರ ಮನೆಯಿಂದ, ಲೆಕ್ಕ ತಪ್ಪುವುದಿಲ್ಲ. ಅಷ್ಟು ಚಂದ ಸಂಘಟನೆ ಬಲ್ಲ ಊರಿನವರು ರಾತ್ರಿ ಹನ್ನೊಂದಕ್ಕೆ ಮಗು ಎತ್ತಿಕೊಂಡು ಬಂದವಳಿಗೆ ಒಂದು ಕೋಣೆ ಇಡಲಾರರೇ? ಮಂಗಳೂರಿನಲ್ಲೂ ಉಡುಪಿಯಲ್ಲೂ ಏಟು ತಿಂದ ಹೆಂಗಸರಿಗೆ ನೆರವಾಗುವ ಸರಕಾರದ ಸಖಿ ಕೇಂದ್ರ ಇದೆ, 181 ಮಹಿಳಾ ಸಹಾಯವಾಣಿ ಇದೆ. ನಮ್ಮ ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಆ ನಂಬರು ಹುಡುಕಿದೆ. ಸಿಕ್ಕಿದ್ದು ಮೂಲವ್ಯಾಧಿ ಡಾಕ್ಟರರ ನಂಬರು.

ನಿಮ್ಮ ಕಾಗದದ ಅಂಚಿನಲ್ಲಿ ಬೇರೆ ಅಕ್ಷರದಲ್ಲಿ ಒಂದು ಸಾಲು ಇದೆ, ರಾಯರೇ. ‘ಲೇಖನ ಒಳ್ಳೆದಿತ್ತು’ ಎಂದು. ನಿಮ್ಮ ಮನೆಯವರು ಬರೆದದ್ದಿರಬೇಕು. ಮುಂದಿನ ಪತ್ರ ಅವರೇ ಬರೆಯಲಿ. ಮನೆ ಯಾರ ಹೆಸರಿನಲ್ಲಿದೆ ಅಂತ ಕೇಳಬೇಕಿತ್ತು.